ಸಂಗಮದ ಊರಿಗೆ ಕಾಲ್ನಡಿಗೆ

ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರವನ್ನು ಪುಣ್ಯಕ್ಷೇತ್ರವೆಂದು ಎಲ್ಲರೂ ಬಲ್ಲರು. ಆ ಊರಿಗೆ ಇನ್ನೊಂದು ಹಿರಿಮೆಯುಂಟು. ಅದನ್ನು ಬಲ್ಲವರು ವಿರಳ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಆರಂಭವಾದಾಗ, ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಈ ತಾಲ್ಲೂಕಿನಲ್ಲಿ. ಇಂದು ಊರೂರಲ್ಲಿ ಕಾಣುವ ಅಂಗನವಾಡಿಗೆ ನಮ್ಮ ನಾಡಿನ ಮಟ್ಟಿಗೆ ಇದೇ ತಲಕಾವೇರಿ.

ಬಡಕಲು ಮಕ್ಕಳ ಹಾಲು ಮೊಟ್ಟೆಗಳಿಗೆ ಹಣ ಕೂಡಿಸಲು ನಮ್ಮ ಕಾಲೇಜಿನವರು ನಡಿಗೆಯೊಂದನ್ನು ಯೋಚಿಸಿದಾಗ, ಗುರಿಯಾಗಿ ಈ ಊರನ್ನೇ ಆರಿಸಿಕೊಂಡೆವು. ಮೈಸೂರಿನಿಂದ ಸುಮಾರು 30 ಕಿಲೋಮೀಟರು. ನಡೆಯುವವನು ಮೊದಲೇ ಬಂಧುಮಿತ್ರರಿಂದ, ಅಂಗಡಿಯವರಿಂದ ಕಿಲೋಮೀಟರಿಗೆ ಇಷ್ಟು ರೂಪಾಯಿಯೆಂದು ಮಾತು ಪಡೆದಿರಬೇಕು. ಅರ್ಧ ದಾರಿಗೆ ಕುಳಿತರೆ ಅರ್ಧವೇ ಹಣ. ಹೀಗಾಗಿ ಕಾಲು ನೊಂದರೂ ಕುಳಿತುಕೊಳ್ಳಲು ಮನಸ್ಸು ಒಪ್ಪದು.

ಮಾಗಿಯ ಮಂಜು ಕರಗುವ ಮೊದಲೇ ಹೊರಟೆವು. ವರುಣದ ಕೆರೆಯಲ್ಲಿ ಹಕ್ಕಿಗಳು ಆಗತಾನೆ ಎಚ್ಚರಗೊಳ್ಳುತ್ತಿದ್ದವು. ಮುಂದೆ ಗದ್ದೆ, ತೆಂಗು, ಬಾಳೆ. ಕಣ್ಣು ಹಾಯಿಸಿದಲ್ಲೆಲ್ಲ ಹಸಿರು. ಎಳನೀರು ಮಾರುತ್ತಿದ್ದ ಮುದುಕಿಯೊಬ್ಬಳು ನಮ್ಮ ಫಲಕವನ್ನು ಓದಿಸಿಕೊಂಡು ಕೇಳಿದಳು: "ನೀವು ನಡೆದ್ರೆ ಕೂಸುಗಳ ಹೊಟ್ಟೆ ತುಂಬ್ತದಾ, ಮೇಷ್ಟ್ರೇ?"

ಕೇಳಬೇಕಾದ ಪ್ರಶ್ನೆಯೇ. ಇಷ್ಟು ಹಸಿರಿನ ನಡುವೆ ಹಸಿವೆಲ್ಲಿಂದ ಬಂತು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 5 ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ.

ಉತ್ತರ ದೊರೆತದ್ದು ದಾರಿಯ ಒಂದು ಅಂಗನವಾಡಿಯಲ್ಲಿ. ಅಲ್ಲಿಯ ಕಾರ್ಯಕರ್ತೆ ಎರಡು ವರ್ಷದ ಹೆಣ್ಣು ಕೂಸಿನ ತೋಳಿಗೆ ಬಣ್ಣದ ಪಟ್ಟಿಯನ್ನು ಸುತ್ತಿ ನೋಡುತ್ತಿದ್ದರು. ಸುತ್ತಳತೆ 12.5 ಸೆಂಟಿಮೀಟರಿಗೆ ಮೇಲಿದ್ದರೆ ಹಸಿರು, 11.5ಕ್ಕೂ ಕೆಳಗಿಳಿದರೆ ಕೆಂಪು, ಪ್ರಾಣಾಪಾಯದ ಗುರುತು. ಈ ಕೂಸಿನದು ನಡುವಣ ಹಳದಿ. "ಮನೆಯಲ್ಲಿ ಅಕ್ಕಿ ಇದೆ, ಸಾರ್. ತಾಯಿ ಬೆಳಗಾದರೆ ಕೂಲಿಗೆ ಹೋಗಬೇಕು. ಪುಟ್ಟ ಹೊಟ್ಟೆಗೆ ದಿನಕ್ಕೆ ನಾಲ್ಕೈದು ಸಲ ತುತ್ತಿಡುವವರು ಯಾರು?" ಎಂದರು ಆಕೆ. ಬರೀ ಅನ್ನದಿಂದ ಮಗು ಬೆಳೆಯದು. ಬೇಳೆ, ಮೊಟ್ಟೆ, ಸೊಪ್ಪು ಬೇಕು. ಮೇಲೆ ಭೇದಿಯೋ ಜ್ವರವೋ ಬಂದರೆ ಉಂಡದ್ದೂ ಮೈಗೆ ಹತ್ತದು.

ಸಂಜೆ ಕುಂಟುತ್ತ ಸಂಗಮದ ಮೆಟ್ಟಿಲು ಸೇರಿದೆವು. ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆ. ಈ ಕ್ಷೇತ್ರ ಕಾಶಿಗಿಂತ ಅಷ್ಟು ತೂಕ ಹೆಚ್ಚೆಂಬುದು ಐತಿಹ್ಯ. ಗುಲಗಂಜಿಯಷ್ಟು ತೂಕಕ್ಕೂ ಇಷ್ಟು ಬೆಲೆ ಕಟ್ಟಿದ ನಾಡಿದು!

ನಮ್ಮ 40 ಮಂದಿಯ ನಡಿಗೆಯಿಂದ ಕೂಡಿದ್ದು 60,000 ರೂಪಾಯಿ. ನಾಡಿನ ಹಸಿವಿಗೆ ಅದು ಏನೇನೂ ಅಲ್ಲ. ತಾಯಿಯ ಕೂಲಿಯನ್ನೂ ಅದು ಹೆಚ್ಚಿಸಲಾರದು. ಆದರೆ ಹಳದಿಯಲ್ಲಿದ್ದ ಕೂಸು ಕೆಂಪಿಗಿಳಿಯದೆ ಹಸಿರಿಗೇರಲು ಕೆಲವು ತಿಂಗಳ ಹಾಲು ಮೊಟ್ಟೆ ಆಸರೆಯಾದೀತು. ಆ ಮುದುಕಿಗೆ ಹೇಳಬೇಕಾದ ಉತ್ತರ ಇಷ್ಟೆ: ಎಲ್ಲ ಕೂಸುಗಳ ಹೊಟ್ಟೆ ತುಂಬದು, ತಾಯಿ, ಕೆಲವರದಾದರೂ ತುಂಬೀತು.