ನಿಸ್ತಂತು ಫಲಕದ ಜೀರ್ಣೋದ್ಧಾರ

ಯಾವುದರಿಂದ ತಂತುಗಳು ನಿರ್ಗತವಾಗಿರುವುವೋ ಅದು ನಿಸ್ತಂತು ಎಂದು ಸಮಾಸವನ್ನು ಬಿಡಿಸುವುದುಂಟು. ಆದರೆ ಲ್ಯಾಪ್‌ಟಾಪಿನ ಅಡಿಯ ಮುಚ್ಚಳವನ್ನು ತೆಗೆದು ನೋಡಿದವರಿಗೆ ಈ ವಿಗ್ರಹವಾಕ್ಯವು ತುಸು ನಗೆಯನ್ನೇ ತರುವುದು. ಅಲ್ಲಿ ವೈಫೈ ಕಾರ್ಡ್ ಎಂಬ, ಅಂಚೆಯ ಚೀಟಿಯಷ್ಟು ಚಿಕ್ಕ ಫಲಕವೊಂದಿದ್ದು, ಅದರ ನೆತ್ತಿಗೆ ಕರಿದೊಂದು ಬಿಳಿದೊಂದು ತಂತಿಗಳು ಕಚ್ಚಿಕೊಂಡಿರುತ್ತವೆ. ಪರದೆಯ ಚೌಕಟ್ಟಿನಲ್ಲಿ ಅಡಗಿರುವ ಆಂಟೆನಾಗಳಿಂದ ಕೀಲಿನ ಮಾರ್ಗವಾಗಿ ಇಳಿದುಬರುವ ಈ ಎರಡು ತಂತಿಗಳಿಲ್ಲದಿದ್ದರೆ ನಿಸ್ತಂತುವು ಹೆಚ್ಚುಕಡಿಮೆ ಕಿವುಡೇ ಸರಿ.

ಹಳೆಯ ಕಾರ್ಡುಗಳಲ್ಲಿ ಅನೇಕವು 2.4 ಗಿಗಾಹರ್ಟ್ಸಿನ ಅಲೆಗಳನ್ನು ಮಾತ್ರ ಬಲ್ಲವು. ಆ ಅಲೆಯ ಉದ್ದ ಸುಮಾರು 12 ಸೆಂಟಿಮೀಟರು. ಭಾರತದಲ್ಲಿ ಇದನ್ನು ಪರವಾನಗಿಯಿಲ್ಲದೆ ಬಳಸಲು 2005ರಲ್ಲಿ ನಿಯಮವಾಯಿತು. ಈ ರಾಜಮಾರ್ಗದಲ್ಲಿ ಒಂದನ್ನೊಂದು ತಾಕದೆ ನಡೆಯತಕ್ಕ ದಾರಿಗಳು ಮೂರೇ. ಅವುಗಳಲ್ಲಿ ನೆರೆಮನೆಗಳ ರೂಟರುಗಳೂ, ಬ್ಲೂಟೂತ್ ಉಪಕರಣಗಳೂ, ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ನೂಕಾಡುತ್ತಿರುವುವು. 5 ಗಿಗಾಹರ್ಟ್ಸಿನ ಕಿರಿಯ ಅಲೆಗಳಿಗೆ 2018ರ ನಿಯಮಗಳಿಂದ ವಿಸ್ತಾರವಾದ ಬಯಲು ದೊರೆಯಿತು. ಅವಕ್ಕೆ ದಾರಿಗಳು ಹೆಚ್ಚು, ವೇಗವೂ ಹೆಚ್ಚು. ಗೋಡೆಯೊಂದು ಅಡ್ಡ ಬಂದರೆ ಮಾತ್ರ ಬೇಗನೆ ಬಳಲುವುವು.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಈ ನೂಕಾಟವು ಚೆನ್ನಾಗಿ ಅನುಭವಕ್ಕೆ ಬರುವುದು. 1947ರಲ್ಲಿ, ಹೈದರಾಬಾದು ಸಂಸ್ಥಾನದ ಕಾಲದಲ್ಲಿ, ಚಿನ್ನದ ಗಣಿಗೆಂದು ಕಂಪನಿಯೊಂದು ಹುಟ್ಟಿದ ಮೇಲೆ ಬೆಳೆದ ಊರಿದು. ಕೆಲಸಗಾರರ ಮನೆಗಳು ಒಂದಕ್ಕೊಂದು ಬೆನ್ನು ಕೊಟ್ಟು ನಿಂತಿವೆ. ಒಂದು ಮನೆಯ ಒಗ್ಗರಣೆ ಮತ್ತೊಂದು ಮನೆಗೆ ತಿಳಿಯುವಂತೆ, ಒಂದು ಮನೆಯ ಅಲೆ ಮತ್ತೊಂದನ್ನು ಹೊಗುವುದು.

ಅಂಥದೊಂದು ಮನೆಯಲ್ಲಿ ಗಣಿಯೊಳಗೆ ಇಳಿದು ದುಡಿಯುವವರೊಬ್ಬರ ಮಗಳು ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದಳು. ಬೆಂಗಳೂರಿನ ಸೋದರತ್ತೆಯ ಮಗನು ಹತ್ತು ವರ್ಷ ಬಳಸಿ ಕೊಟ್ಟ ಲ್ಯಾಪ್‌ಟಾಪೇ ಅವಳ ಪಾಠಶಾಲೆ. ಸಂಜೆಯಾಗಿ ನೆರೆಹೊರೆಯವರೆಲ್ಲ ಮನೆ ಸೇರಿದರೆಂದರೆ ಪಾಠವು ನಡುವೆಯೇ ನಿಲ್ಲುವುದು; ಗಡಿಯಾರವಿಟ್ಟು ಬರೆಯುವ ಅಭ್ಯಾಸಪರೀಕ್ಷೆಯಂತೂ ಬರೆದ ಉತ್ತರಗಳನ್ನು ನುಂಗಿಕೊಂಡು ಕಣ್ಮರೆಯಾಗುವುದು. ಅದೇ ಕೋಣೆಯಲ್ಲಿ ತಮ್ಮನ ಮೊಬೈಲಿಗೆ ಯಾವ ಅಡ್ಡಿಯೂ ಇರಲಿಲ್ಲವಾಗಿ, ದೋಷವು ರೂಟರಿನದಲ್ಲವೆಂದು ಅವಳು ಊಹಿಸಿದಳು. ಅಂಗಡಿಯವನು ಮುಚ್ಚಳವನ್ನೂ ತೆಗೆಯದೆ, “ಇದು ಹಳೇದಾತ್ರೀ, ಹೊಸಾದು ತಗೊಂಡುಬಿಡ್ರಿ” ಎಂದುಬಿಟ್ಟನು. ತಾಯಿಯ ಪಾಟಲಿಗಳನ್ನು ಒತ್ತೆಯಿಟ್ಟು ಹಣ ತರುವ ಮಾತು ಮನೆಯಲ್ಲಿ ಎರಡು ದಿನ ನಡೆಯಿತು. ಚಿನ್ನವನ್ನು ಅಗೆಯುವವರ ಮನೆಯ ಚಿನ್ನವೂ ಒತ್ತೆಯ ಅಂಗಡಿಯ ದಾರಿಯನ್ನು ಬಲ್ಲದು.

ಗುಡಿಯ ಕಂಬವೊಂದು ಬಿರಿಯಿತೆಂದು ಗುಡಿಯನ್ನೇ ಕೆಡಹುವ ಪದ್ಧತಿ ನಮ್ಮಲ್ಲಿಲ್ಲ. ಶಿಥಿಲವಾದ ಅಂಗವನ್ನು ತೆಗೆದು ಬೇರೊಂದನ್ನು ಇಡುವುದೇ ಜೀರ್ಣೋದ್ಧಾರ. ಆ ಹುಡುಗಿ ಹಿಡಿದದ್ದೂ ಈ ದಾರಿಯನ್ನೇ. ಎರಡು ಬಗೆಯ ಅಲೆಗಳನ್ನೂ ಬಲ್ಲ ಕಾರ್ಡೊಂದನ್ನು ಅಂಚೆಯಲ್ಲಿ ತರಿಸಿ, ಯಂತ್ರವನ್ನು ಆರಿಸಿ, ಬ್ಯಾಟರಿಯನ್ನು ಕಳಚಿಟ್ಟು, ಮೈಯ ಸ್ಥಿರವಿದ್ಯುತ್ತು ಹರಿದುಹೋಗಲೆಂದು ಕಬ್ಬಿಣದ ಕಿಟಕಿಯನ್ನು ಮುಟ್ಟಿ ಕುಳಿತಳು. ತಂತಿಗಳ ತುದಿಯ ಗುಂಡಿಗಳನ್ನು ಎಳೆಯಕೂಡದು. ಉಗುರಿನಿಂದ ನೆಟ್ಟಗೆ ಮೇಲಕ್ಕೆ ಎತ್ತತಕ್ಕದ್ದು. ಹಿಡಿದಿರುವ ತಿರುಪನ್ನು ಬಿಚ್ಚಿದೊಡನೆ ಕಾರ್ಡು ತಾನಾಗಿಯೇ ಒಂದು ಕಡೆ ತಲೆಯೆತ್ತುವುದು. ಹೊಸದನ್ನು ಅದೇ ಓರೆಯಲ್ಲಿ ತೂರಿಸಿ, ಒತ್ತಿ, ತಿರುಪು ಹಾಕಿ, ತಂತಿಗಳನ್ನು ಮೊದಲಿನ ಕ್ರಮದಲ್ಲಿಯೇ ಕೂರಿಸಿದರೆ ಮುಗಿಯಿತು. ಕಾಲು ಗಂಟೆಯ ಕೆಲಸ.

ಆದರೆ ಯಂತ್ರವು ಒಪ್ಪಲಿಲ್ಲ. ಕರಿಯ ಪರದೆಯ ಮೇಲೆ, ಇದು ಅನಧಿಕೃತವಾದ ಕಾರ್ಡು, ಇದನ್ನು ತೆಗೆಯಬೇಕೆಂಬರ್ಥದ ಎರಡು ಸಾಲುಗಳು ಮೂಡಿ ಎಲ್ಲವೂ ಅಲ್ಲಿಗೇ ನಿಂತಿತು. ಹಿಂದೆ ಕೆಲವು ತಯಾರಕರು ತಾವು ಅಂಗೀಕರಿಸಿದ ಕಾರ್ಡುಗಳ ಪಟ್ಟಿಯೊಂದನ್ನು ಯಂತ್ರವನ್ನು ಎಬ್ಬಿಸುವ ಮೂಲಲಿಪಿಯಲ್ಲಿಯೇ ಬರೆದಿಡುತ್ತಿದ್ದರು. ಪಟ್ಟಿಯ ಹೊರಗಿನದಕ್ಕೆ ಪ್ರವೇಶವಿಲ್ಲ. ಅಲೆಗಳನ್ನು ಬೀರುವ ಉಪಕರಣಗಳಿಗೆ ಸರಕಾರಗಳ ಒಪ್ಪಿಗೆ ಬೇಕು, ಆ ಒಪ್ಪಿಗೆಯು ಕಾರ್ಡು ಆಂಟೆನಾಗಳೆರಡೂ ಕೂಡಿದ ಜೋಡಿಗೆ ಸಲ್ಲುವುದು ಎಂಬುದು ಅವರ ಸಮರ್ಥನೆ. ಈ ಮಾತನ್ನು ಪೂರ್ತಿಯಾಗಿ ತಳ್ಳಿಹಾಕಲಾಗದು. ಆದರೂ ಎಷ್ಟೋ ತಯಾರಕರು ಇಂಥ ಪಟ್ಟಿಯಿಲ್ಲದೆಯೇ ಯಂತ್ರಗಳನ್ನು ಮಾರಿರುವರಷ್ಟೆ! ಕೊಂಡವನಿಗೆ ಸ್ವತ್ತಿನ ಹೆಸರು, ಮಾರಿದವನಿಗೆ ಅದರ ಅಧಿಕಾರ, ಎಂಬ ಏರ್ಪಾಡನ್ನು ನ್ಯಾಯವೆನ್ನಲು ನಾಲಗೆ ಏಳದು.

ಹುಡುಗಿ ಎದೆಗುಂದಲಿಲ್ಲ. ಆ ಕಾರ್ಡನ್ನು ಮರಳಿಸಿ, ಅದೇ ತಯಾರಕರ ಒಡೆದ ಯಂತ್ರವೊಂದರಿಂದ ತೆಗೆದ, ಅವರದೇ ಸಂಖ್ಯೆಯ ಚೀಟಿಯಿದ್ದ ಮತ್ತೊಂದನ್ನು ಹುಡುಕಿ ತರಿಸಿದಳು. ಅದು ಅಷ್ಟೇನೂ ಹೊಸದಲ್ಲ. ಆದರೆ 5 ಗಿಗಾಹರ್ಟ್ಸನ್ನು ಬಲ್ಲದು. ಈ ಸಲ ಯಂತ್ರವು ತುಟಿಪಿಟಕ್ಕೆನ್ನದೆ ಎಚ್ಚತ್ತಿತು. ರೂಟರು ಇದ್ದ ಪಡಸಾಲೆಯಲ್ಲಿಯೇ ಕುಳಿತು ಅವಳು ಅಂದಿನ ಅಭ್ಯಾಸಪರೀಕ್ಷೆಯನ್ನು ಕೊನೆಯ ಪ್ರಶ್ನೆಯವರೆಗೆ ಬರೆದಳು. ಒಳಕೋಣೆಗೆ ಹೋದರೆ ಈಗಲೂ ಅಲೆ ಸೊರಗುತ್ತದೆ, ಗೋಡೆಗೆ ಔಷಧವಿಲ್ಲ. ಇತ್ತೀಚಿನ ಅತಿ ತೆಳುವಾದ ಕೆಲವು ಯಂತ್ರಗಳಲ್ಲಿ ಕಾರ್ಡನ್ನು ಮೂಲಫಲಕಕ್ಕೇ ಬೆಸೆದುಬಿಟ್ಟಿರುವರಾದ್ದರಿಂದ, ಅಲ್ಲಿ ಈ ಕಾಲು ಗಂಟೆಯ ಕೆಲಸಕ್ಕೂ ಆಸ್ಪದವಿಲ್ಲ.

ಪಾಟಲಿಗಳು ತಾಯಿಯ ಕೈಯಲ್ಲಿಯೇ ಉಳಿದುವು. ರಾತ್ರಿಯ ಪಾಳಿಗೆ ಹೊರಟಿದ್ದ ತಂದೆ, ಕಳಚಿಟ್ಟಿದ್ದ ಹಳೆಯ ಕಾರ್ಡನ್ನು ದೀಪಕ್ಕೆ ಹಿಡಿದು ನೋಡಿದನು. ಅದರ ಅಂಚಿನಲ್ಲಿ ಒತ್ತಾಗಿ ಸಾಲುಗೊಂಡ ಹಳದಿಯ ಹಲ್ಲುಗಳು ಹತ್ತು ವರ್ಷ ಕಳೆದರೂ ಮಾಸಿರಲಿಲ್ಲ. ಅದು ಚಿನ್ನದ ಲೇಪವೆಂದೂ, ಕಿಲುಬು ಹಿಡಿದು ವಿದ್ಯುತ್ತಿಗೆ ತಡೆಯಾಗಬಾರದೆಂದು ಹಾಕಿರುವರೆಂದೂ ಮಗಳು ತಿಳಿಸಿದಳು. ಒಂದು ಟನ್ನು ಕಲ್ಲನ್ನು ಪುಡಿಮಾಡಿದರೆ ಕೆಲವೇ ಗ್ರಾಂ ದೊರೆಯುವ ಲೋಹವನ್ನು ಬಲ್ಲ ಆತನು ಅದನ್ನು ಮತ್ತೊಮ್ಮೆ ಹೊರಳಿಸಿ ನೋಡಿ, “ಯಾವ ಗಣೀದವ್ವಾ ಇದು?” ಎಂದು ಕೇಳಿದನು.