ಗೋಡೆಯ ತರಿ

ಅಮೆರಿಕದ ಆಸ್ಟಿನ್‌ನಲ್ಲಿರುವ ಮಗನ ಮನೆಯ ಗೋಡೆ ದೂರದಿಂದ ನೋಡಿದರೆ ನುಣುಪು. ಅಂಗೈ ಆಡಿಸಿದರೆ ಮಾತ್ರ ಸಣ್ಣಗೆ ತರಿತರಿ ಹತ್ತುತ್ತದೆ. ಅಲ್ಲಿಯವರು ಇದಕ್ಕೆ ‘ಆರೆಂಜ್ ಪೀಲ್’ ಅನ್ನುತ್ತಾರೆ. ಕೊಡಗಿನ ಕಿತ್ತಳೆ ಈ ಗೋಡೆಯನ್ನು ನೆಂಟರೆಂದು ಒಪ್ಪುವುದು ಅನುಮಾನ, ಆದರೂ ಹೆಸರು ನಿಂತಿದೆ. ಪಕ್ಕದ ಮನೆಯದು ‘ನಾಕ್‌ಡೌನ್’: ಎರಚಿದ ಗಾರೆ ಹತ್ತು ಹದಿನೈದು ನಿಮಿಷ ಆರಿದ ಮೇಲೆ ಅಗಲ ಅಲಗಿನಿಂದ ತಲೆ ಸವರಿ ಚಪ್ಪಟೆ ಮಾಡಿದ್ದು. ಹಳೆಯ ಮನೆಗಳ ಸೂರಿನಲ್ಲಿ ‘ಪಾಪ್‌ಕಾರ್ನ್’ ತರಿ ಇರುತ್ತದೆ. 1970ರ ದಶಕದ್ದಾದರೆ ಅದರಲ್ಲಿ ಕಲ್ನಾರು ಇದ್ದರೂ ಇದ್ದೀತು, ಪರೀಕ್ಷೆ ಮಾಡಿಸದೆ ಕೆರೆಯಲು ಹೋಗಬಾರದು.

ಈ ಸಿಂಗಾರವೆಲ್ಲ ಸಂದು ಮುಚ್ಚಲಿಕ್ಕೆ. ಗೋಡೆ ಎಂದರೆ ಅಲ್ಲಿ ಇಟ್ಟಿಗೆಯಲ್ಲ, ಮರದ ಚೌಕಟ್ಟಿಗೆ ಸ್ಕ್ರೂ ಹಾಕಿ ಕೂರಿಸಿದ ಅರ್ಧ ಇಂಚಿನ ಜಿಪ್ಸಮ್ ಹಲಗೆ. ‘ಶೀಟ್‌ರಾಕ್’ ಹೆಸರಿನ ಈ ಹಲಗೆ ಮಾರುಕಟ್ಟೆಗೆ ಬಂದದ್ದು 1917ರಲ್ಲಿ. ಎರಡನೇ ಮಹಾಯುದ್ಧ ಮುಗಿದು ಮನೆಗಳನ್ನು ಅವಸರದಲ್ಲಿ ಕಟ್ಟಬೇಕಾಗಿ ಬಂದಾಗ ಅದು ಎಲ್ಲೆಲ್ಲೂ ಹಬ್ಬಿತು. ಹಲಗೆ ಹಲಗೆ ಕೂಡುವಲ್ಲಿ ಓರೆ ಬೆಳಕು ಬಿದ್ದರೆ ಗೆರೆ ಎದ್ದು ಕಾಣುತ್ತದೆ. ಪೂರ್ತಿ ನುಣುಪು ಮಾಡಲು ಕೂಲಿ ಜಾಸ್ತಿ, ತರಿ ಎರಚಲು ಕಡಿಮೆ.

ಕೋಣೆಯ ಬಾಗಿಲ ಹಿಂದೆ ಒಂದು ತೂತಿತ್ತು. ಮೊಮ್ಮಗಳು ಹದಿಮೂರರ ವಯಸ್ಸಿನಲ್ಲಿ ಬಾಗಿಲು ದೂಡಿದ ರಭಸಕ್ಕೆ ಹಿಡಿಕೆ ಬಡಿದು ಆದದ್ದು. ಯಾರ ಮೇಲಿನ ಸಿಟ್ಟೋ, ಈಗ ಅವಳಿಗೂ ನೆನಪಿಲ್ಲ. ತೂತು ಕಾಣದಿರಲೆಂದು ಸೊಸೆ ಅಲ್ಲಿ ಪಂಚಾಂಗದ ಕ್ಯಾಲೆಂಡರ್ ತೂಗುಹಾಕಿದ್ದಳು. ಏಕಾದಶಿ ಯಾವತ್ತೆಂದು ತಿಳಿಯಬೇಕಾದರೆ ನನ್ನ ಹೆಂಡತಿ ಬಾಗಿಲು ಮುಚ್ಚಿ, ಮಂಡಿಯೂರಿ, ಕನ್ನಡಕ ಏರಿಸಬೇಕಿತ್ತು. ಮೊಮ್ಮಗಳು ಕಾಲೇಜಿಗೆಂದು ಬೇರೆ ಊರಿಗೆ ಹೋದಳು. ಮನೆ ದೊಡ್ಡದಾಯಿತೆಂದು ಮಗ ಮಾರಲು ಹೊರಟ. ಕ್ಯಾಲೆಂಡರ್ ಇಳಿಯಿತು.

ತೂತು ಮುಚ್ಚುವುದು ಕಷ್ಟವಾಗಲಿಲ್ಲ. ಚೌಕವಾಗಿ ಕೊಯ್ದು, ಹಿಂದೆ ಮರದ ಪಟ್ಟಿ ಕೊಟ್ಟು, ಹೊಸ ತುಂಡು ಕೂರಿಸಿ, ಟೇಪು ಅಂಟಿಸಿ, ಗಾರೆ ಬಳಿದು ಉಜ್ಜಿದರಾಯಿತು. ಕಷ್ಟವಿದ್ದದ್ದು ತರಿಯಲ್ಲಿ. ಸ್ಪ್ರೇ ಡಬ್ಬಿ ತಂದು ಮಗ ಗ್ಯಾರೇಜಿನಲ್ಲಿ ರಟ್ಟಿನ ಮೇಲೆ ಅಭ್ಯಾಸಕ್ಕೆ ನಿಂತ. ಡಬ್ಬಿ ಹತ್ತಿರ ಹಿಡಿದರೆ ಹನಿ ದಪ್ಪ, ದೂರ ಹಿಡಿದರೆ ಬರೀ ಮಂಜು. ಒಂದೊಂದು ರಟ್ಟನ್ನೂ ಗೋಡೆಗೆ ಆನಿಸಿ, ಪಕ್ಕದಿಂದ ಟಾರ್ಚ್ ಬಿಟ್ಟು ಹೋಲಿಸುತ್ತಿದ್ದ.

“ಅಪ್ಪಾ, ಇದು ದಪ್ಪ ಆಯ್ತಾ?”

“ಒಂಚೂರು ದಪ್ಪಾನೇ ಕಣೋ.”

ಇಡೀ ಗೋಡೆಗೆ ಎರಚಿದವನು ಯಾರೋ ಕೂಲಿಯವನು. ಗಾರೆಯನ್ನು ಎಷ್ಟು ತೆಳ್ಳಗೆ ಕಲಸಿದ್ದನೋ, ತೋಳು ಎಷ್ಟು ಬೇಗ ಬೀಸುತ್ತಿತ್ತೋ, ಊಟದ ಹೊತ್ತು ಹತ್ತಿರವಾಗಿತ್ತೋ ಏನೋ. ಮಧ್ಯಾಹ್ನದೊಳಗೆ ಈ ಮನೆ ಮುಗಿಸಿ ಪಕ್ಕದ್ದಕ್ಕೆ ಹೋಗಿರುತ್ತಾನೆ. ಕಂಪ್ಯೂಟರ್ ಬಿಟ್ಟರೆ ಬೇರೇನನ್ನೂ ಹೀಗೆ ಕಣ್ಣಿಟ್ಟು ನೋಡದ ನನ್ನ ಮಗ ಅವನ ತೋಳಿನ ಬೀಸನ್ನು ವಾರಗಟ್ಟಲೆ ಹುಡುಕಿದ.

ನಮ್ಮೂರ ಮನೆಯಲ್ಲಿ ಈ ಪೇಚಾಟ ಇರಲಿಲ್ಲ. ಗೋಡೆಗೆ ಮಣ್ಣು ಮೆತ್ತಿದ್ದು ಎಲ್ಲರಿಗೂ ಕಾಣುತ್ತಿತ್ತು. ಯುಗಾದಿಗೆ ಅಮ್ಮ ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಇಡೀ ಮನೆಗೆ ಹೊಡೆಸುತ್ತಿದ್ದಳು. ಹಳೆಯ ತೇಪೆ, ಹೊಸ ತೇಪೆ, ನಾವು ಇದ್ದಿಲಲ್ಲಿ ಗೀಚಿದ ಮಗ್ಗಿ, ಎಲ್ಲ ಒಂದೇ ಬಣ್ಣದಡಿ ಸೇರಿಹೋಗುತ್ತಿದ್ದವು.

ಕೊನೆಗೂ ತರಿ ಕೂಡಿತು. ತೇಪೆ ಬಣ್ಣ ಹೀರಿ ಮಂಕಾಗದಿರಲೆಂದು ಮೊದಲು ಪ್ರೈಮರ್ ಹೊಡೆದು, ಆಮೇಲೆ ಮೂಲೆಯಿಂದ ಮೂಲೆಗೆ ಗೋಡೆ ಪೂರ್ತಿ ಬಳಿದ. ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಮೊಮ್ಮಗಳು, “ಅದನ್ನೂ ಮುಚ್ಚಿಬಿಟ್ರಾ ತಾತ?” ಎಂದಳು. ಗದರಿಕೆಯೋ ಬೇಸರವೋ ಗೊತ್ತಾಗಲಿಲ್ಲ.

ಮನೆ ನೋಡಲು ಬಂದ ಗಂಡ ಹೆಂಡತಿ ಆ ಗೋಡೆಯ ಮುಂದೆಯೇ ನಿಂತು, ಈ ತರಿ ಈಗ ಹಳೇ ಫ್ಯಾಷನ್ನು, ಎಲ್ಲ ಕೆರೆಸಿ ನುಣುಪು ಮಾಡಿಸುತ್ತೇವೆ ಎಂದರು. ಮಗ ತಲೆಯಾಡಿಸಿದ. ಯಾರೂ ಕೇಳದಿದ್ದರೂ ಬಾಗಿಲ ಹಿಂದೆ ಬೆರಳಿಟ್ಟು ತೋರಿಸಿ, ಇಲ್ಲಿ ಮಾತ್ರ ಮೆಲ್ಲಗೆ ಉಜ್ಜಿ, ಒಳಗೆ ತೇಪೆಯಿದೆ ಎಂದ. ಅವರಿಬ್ಬರೂ ಬಗ್ಗಿ ಬಗ್ಗಿ ನೋಡಿದರು. ಏನೂ ಕಾಣದೆ, ಇವನೇನೋ ತಮಾಷೆ ಮಾಡುತ್ತಿದ್ದಾನೆಂದು ನಕ್ಕರು.