ಕಣ್ಣಿಗೆ ಎಂಆರ್‌ಐ ಅನ್ನೋಕೆ ಮುಂಚೆ ಕಸುಬು ಕೇಳಿ



ಹಲ್ಲೆ ಪ್ರಕರಣಗಳಲ್ಲಿ ಆಸ್ಪತ್ರೆ, ಸ್ಟೇಷನ್ ಅಂತ ಓಡಾಡುವ ಸಂಗಾತಿಗಳಿಗೆ ಇದನ್ನು ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಕಣ್ಣಿಗೆ ಏಟು ಬಿದ್ದರೆ ಜನ ಮೊದಲು ಕೇಳೋದೇ 'ಎಂಆರ್‌ಐ ಮಾಡ್ಸಿದ್ರಾ?' ಅಂತ. ದುಬಾರಿ ಸ್ಕ್ಯಾನ್, ಅದಕ್ಕೇ ಒಳ್ಳೆ ಸ್ಕ್ಯಾನ್ ಅನ್ನೋ ನಂಬಿಕೆ. ಕಣ್ಣಿನ ವಿಷಯದಲ್ಲಿ ಅದು ಅಷ್ಟು ಸಲೀಸಲ್ಲ.

ಎಂಆರ್‌ಐ ಅಂದ್ರೆ ದೈತ್ಯ ಅಯಸ್ಕಾಂತ. 1.5 ಟೆಸ್ಲಾ ಮೆಷಿನ್ ಅಂದ್ರೆ ಭೂಮಿಯ ಕಾಂತಬಲಕ್ಕಿಂತ ಸುಮಾರು 30,000 ಪಟ್ಟು. ಸ್ಕ್ಯಾನ್ ನಡೀತಿರಲಿ ಬಿಡಲಿ, ಅದು ಎಳೀತಾನೇ ಇರುತ್ತೆ. ಕಣ್ಣುಗುಡ್ಡೆಯೊಳಗೆ ಕಬ್ಬಿಣದ ಚೂರಿದ್ದರೆ ಅದು ಸರಿದಾಡಿ, ಒಳಗೇ ರಕ್ತ ಸೋರಿಸಿ, ಇರುವ ದೃಷ್ಟಿಯನ್ನೂ ಕಳೆಯಬಹುದು. 1986ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದು ಇಂಥ ಪ್ರಕರಣ ವರದಿ ಮಾಡಿತ್ತು. ತಗಡಿನ ಕೆಲಸಗಾರ. ಕಣ್ಣಲ್ಲಿ ಚೂರಿದ್ದದ್ದು ಯಾರಿಗೂ ಗೊತ್ತಿರಲಿಲ್ಲ, ಎಂಆರ್‌ಐ ಆದ ಮೇಲೆ ಆ ಕಣ್ಣು ಹೋಯ್ತು. ಅಲ್ಲೂ ಹೋದದ್ದು ದುಡಿಯೋನ ಕಣ್ಣೇ ನೋಡಿ.

ನಮ್ಮಲ್ಲಿ ಯಾರ ಕಣ್ಣಲ್ಲಿ ಇಂಥ ಚೂರು ಇರುತ್ತೆ? ಚಾಣ, ಸುತ್ತಿಗೆ ಹಿಡಿದು ಕಲ್ಲು ಒಡೆಯುವ ಬೋವಿ ಜನರ ಕಣ್ಣಲ್ಲಿ, ಗ್ರೈಂಡಿಂಗ್ ಹುಡುಗರ ಕಣ್ಣಲ್ಲಿ. ಉಕ್ಕಿನ ಚೂರು ಸಿಡಿದು ಒಳಹೊಕ್ಕರೂ ಎಷ್ಟೋ ಸಲ ದೊಡ್ಡ ನೋವಿರಲ್ಲ. ಮೇಲಿನ ಗಾಯ ಮಾಯುತ್ತೆ. ಒಳಗಿನ ಕಬ್ಬಿಣ ಕರಗುತ್ತಾ ವರ್ಷಗಟ್ಟಲೆ ರೆಟಿನಾ ಹಾಳು ಮಾಡುತ್ತೆ, ಕೆಲವೊಮ್ಮೆ ಗೂಡು ಕಟ್ಟಿಕೊಂಡು ಸುಮ್ಮನೆ ಕೂತಿರುತ್ತೆ.

ಇತ್ತೀಚೆಗೆ ಕಲ್ಲು ಕೆಲಸದ ಅಣ್ಣ ಒಬ್ಬರ ಜೊತೆ ಸ್ಕ್ಯಾನಿಂಗ್ ಸೆಂಟರ್‌ಗೆ ಹೋಗಿದ್ದೆ. ಜಾತಿ ಹೆಸರು ಹಿಡಿದು ಬೈದು, ದೊಣ್ಣೆಯಲ್ಲಿ ಮುಖಕ್ಕೆ ಹೊಡೆದಿದ್ದರು. ಎಡಗಣ್ಣು ಮಂಜು. ಕಣ್ಣಿನ ನರ ನೋಡೋಕೆ ಎಂಆರ್‌ಐ ಬರೆದಿದ್ದರು. ಕೌಂಟರ್‌ನಲ್ಲಿದ್ದ ಹುಡುಗ ಇಂಗ್ಲಿಷ್ ಫಾರಂನಲ್ಲಿ ಒಂದೂ ಪ್ರಶ್ನೆ ಕೇಳದೆ ಎಲ್ಲದಕ್ಕೂ 'ಇಲ್ಲ' ಗೀಚಿ, "ಇವ್ರಿಗೇನ್ ಓದೋಕೆ ಬರುತ್ತೆ ಸಾರ್, ಹೆಬ್ಬೆಟ್ಟು ಒತ್ತಿಸಿ" ಅಂದ. ನಾನು ಫಾರಂ ಇಸ್ಕೊಂಡು ಕನ್ನಡದಲ್ಲಿ ಒಂದೊಂದೇ ಕೇಳಿದೆ.

"ಅಣ್ಣಾ, ಯಾವತ್ತಾದ್ರೂ ಕಣ್ಣಿಗೆ ಕಬ್ಬಿಣದ ಚೂರು ಬಡಿದಿತ್ತಾ?"

"ಬಡೀದೆ ಇರುತ್ತೇನಪ್ಪ? ಬಲಗಣ್ಣಿಗೆ ಬಡ್ದು ವಾರ ನೀರು ಸುರೀತು. ಎದೆಹಾಲು ಬಿಟ್ರು, ವಾಸಿಯಾಯ್ತು."

ಎಂಆರ್‌ಐ ನಿಲ್ಲಿಸಿ ಸಿಟಿ ಸ್ಕ್ಯಾನ್ ಮಾಡಿಸಿದೆವು. ಬಲಗಣ್ಣೊಳಗೆ ಅಕ್ಕಿನುಚ್ಚಿನಷ್ಟು ಬಿಳಿ ಚುಕ್ಕೆ. ಪೆಟ್ಟು ಬಿದ್ದದ್ದು ಎಡಗಣ್ಣಿಗೆ, ಚೂರು ಕೂತಿದ್ದದ್ದು ಕಾಣ್ತಿದ್ದ ಕಣ್ಣಲ್ಲಿ!

ಹಾಗಂತ ಎಂಆರ್‌ಐ ಬೇಡ ಅಂತಲ್ಲ. ಲೋಹ ಇಲ್ಲ ಅಂತ ಖಾತ್ರಿಯಾದ ಮೇಲೆ ಅದರಷ್ಟು ಸೂಕ್ಷ್ಮವಾಗಿ ಕಣ್ಣಿನ ನರ, ಗುಡ್ಡೆ ಹಿಂದಿನ ಮೆದುಭಾಗ ತೋರಿಸೋದು ಕಷ್ಟ. ಸೌದೆ ಸಿಬಿರು ಹೊಕ್ಕಿದ್ದರೂ ಅಷ್ಟೇ, ಒಣ ಮರ ಸಿಟಿಯಲ್ಲಿ ಗಾಳಿ ಥರ ಕಂಡು ತಪ್ಪಿಸಿಕೊಳ್ಳುತ್ತೆ, ಎಂಆರ್‌ಐನಲ್ಲಿ ಸಿಗಬಹುದು. ಮೊದಲು ಕಸುಬು ಕೇಳಬೇಕು, ಆಮೇಲೆ ಎಕ್ಸ್‌ರೇ ಅಥವಾ ಸಿಟಿ, ಆಮೇಲೆ ಎಂಆರ್‌ಐ.

ಇನ್ನು ಕಾನೂನು. ಒಂದು ಕಣ್ಣಿನ ದೃಷ್ಟಿ ಶಾಶ್ವತವಾಗಿ ಹೋದರೂ ಅದು ತೀವ್ರ ಗಾಯ. ಹಿಂದೆ ಐಪಿಸಿ 320, ಈಗ ಬಿಎನ್‌ಎಸ್ 116. ಆದರೆ ಡ್ಯೂಟಿ ಡಾಕ್ಟರು ಊತ ನೋಡಿ, ಸ್ಕ್ಯಾನ್ ಬರೋಕೆ ಮುಂಚೆಯೇ ವೂಂಡ್ ಸರ್ಟಿಫಿಕೇಟ್‌ನಲ್ಲಿ 'ಸಾಧಾರಣ ಗಾಯ' ಅಂತ ಬರೆದು ಮುಗಿಸಿದ್ದರು. ಆ ಒಂದು ಪದದ ಮೇಲೇ ಸೆಕ್ಷನ್ ನಿಂತಿರುತ್ತೆ. ಕಣ್ಣಿನ ತಜ್ಞರ ವರದಿ ಬರುವ ತನಕ ಅಭಿಪ್ರಾಯ ಕಾಯ್ದಿರಿಸಿ ಅಂತ ಲಿಖಿತವಾಗಿ ಕೇಳಿ.

ಕ್ವಾರಿಯಲ್ಲಿ ಬಡಿದ ಆ ಹಳೇ ಚೂರಿಗೆ ಮಾತ್ರ ಯಾವ ದಾಖಲೆಯೂ ಇಲ್ಲ. 2025ರ ತನಕ ಜಾರಿಯಲ್ಲಿದ್ದ 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಒಂದು ಕಣ್ಣಿನ ದೃಷ್ಟಿ ಹೋದರೆ ದುಡಿಮೆಯ ಶಕ್ತಿ ಶೇ. 30 ನಷ್ಟ ಅಂತ ಲೆಕ್ಕ ಇತ್ತು, ಕ್ಲೇಮು ಹಾಕೋಕೆ ಸಾಮಾನ್ಯವಾಗಿ 2 ವರ್ಷ ಇತ್ತು. ಹಾಜರಿ ಪುಸ್ತಕವೇ ಇಲ್ಲದ ಕ್ವಾರಿಯಲ್ಲಿ ಯಾರು ಹಾಕ್ತಾರೆ, ಎಲ್ಲಿಂದ ಹಾಕ್ತಾರೆ? ಅದಕ್ಕೇ ಚೂರು ಬಡಿದ ದಿನವೇ ಸರ್ಕಾರಿ ಆಸ್ಪತ್ರೆಯ ಓಪಿ ಚೀಟಿ ಮಾಡಿಸಿ. 'ಕಲ್ಲು ಒಡೆಯುವಾಗ' ಅಂತ ಅದರಲ್ಲಿ ಬರೆಸಿ, ಮೊಬೈಲಲ್ಲಿ ಫೋಟೋ ಇಟ್ಕೊಳ್ಳಿ.

ತಜ್ಞರ ವರದಿ ಸೇರಿಸಬೇಕು ಅಂತ ಡಿವೈಎಸ್‌ಪಿಗೆ ಅರ್ಜಿ ಕೊಟ್ಟಿದ್ದೀವಿ. ಸೋಮವಾರ ಮತ್ತೆ ಹೋಗ್ತೀವಿ. ಬಿಡುವಿದ್ದವರು ಜೊತೆಗೆ ಬನ್ನಿ.